ಬಾಯಿ ತಗೀದ ಹಗೇವು

ಬೈರಿದೇವರಕೊಪ್ಪ
ಮೇ 12, 1999

ಅಪ್ಪಾರಿಗೆ,

ನಮಸ್ಕಾರ ಮೊದಲ ಮಾಡಿಬಿಡ್ತೇನಿ, ಕಡೀಕ ಬರೂದಿಲ್ಲ.

ಹೌದು, ನಾನ ತಗದೆ. ಕುಡದಿರಲಿಲ್ಲ. ತಂಗಿ ಲಗ್ನಾ ಮುರೀಲಿ ಅಂತನೂ ತಗದಿಲ್ಲ. ನಿನ್ನೆ ಕೆಲಗೇರಿಯಿಂದ ಅಕಿನ್ನ ನೋಡಾಕ ಬಂದ ಮಂದಿ ಪಡಸಾಲ್ಯಾಗ ಕುಂತು ಶಿರಾ ತಿನ್ನಾಕತ್ತಿದ್ರು. ಅವರ ಕಣ್ಣ ಮುಂದನ ಅಂಗಳದಾಗ ನೆಲದ ಒಳಗ ಜ್ವಾಳ ತುಂಬಿಟ್ಟ ಹಗೇವಿನ ಬಾಯಿಗಿನ ಕಲ್ಲು ಎತ್ತಿದೆ.

ವಾಸನಿ ನಿಮಗ ಹೊಸಾದೇನಲ್ಲ. ರಸ್ತೆ ಕಡೀ ಹೊಲಾ ಮಾರಿದ್ರಿ, ಅಲ್ಲಿ ಲೇಔಟ್ ಆತು, ಅದರ ಗಟಾರದ ನೀರು ನಮ್ಮ ಅಂಗಳದ ಬುಡಕ್ಕ ಇಳೀತು. ನೆಲದಾಗ ಜ್ವಾಳ ಕೊಳ್ಯಾಕತ್ತೇತಿ, ತಗದು ಒಣಗಸೂಣು, ಉಳದಷ್ಟು ಉಳೀಲಿ ಅಂತ ಸಂಕ್ರಾಂತಿಗೇ ಹೇಳಿದೆ. ಸಾಲಿ ಬಿಟ್ಟಾಂವಗ ಏನ್ ತಿಳೀತೇತಿ ಅಂದ್ರಿ. ಮೂಗು ಸಾಲಿಗೆ ಹೋಗಿ ಕಲೀಬೇಕೇನು? ಹೆಣ್ಣು ನೋಡಾಕ ಬಂದವರು ಮೊದಲ ಹಗೇವು ಕೇಳ್ತಾರ, ವರ್ಷಗಟ್ಟಲೆ ಬಾಯಿ ತಗೀದ ಹಗೇವು ಇದ್ದ ಮನೀನ ಮನಿ, ಲಗ್ನಾ ಗೊತ್ತಾಗೂತನಾ ಕಲ್ಲಿಗೆ ಕೈ ಹಚ್ಚಬ್ಯಾಡ ಅಂದ್ರಿ.

ಅಷ್ಟ ಆಗಿದ್ರ ಸುಮ್ಮನಿರ್ತಿದ್ದೆ. ನಿಮ್ಮ ಜ್ವಾಳ, ನಿಮ್ಮ ಮರ್ಯಾದಿ. ಆದ್ರ ನೀವು ಯಾರಿಗೂ ಗೊತ್ತಾಗದಂಗ ಕಲ್ಲು ಸರಿಸಿ, ಮ್ಯಾಲಿನ ಕಪ್ಪು ಬಿದ್ದ ಕಾಳು ತಗದು, ಹಿತ್ತಲದಾಗ ಒಣಗಿಸಿ, ಸಾವಕ್ಕಗ ಕೂಲಿ ಅಂತ ಅಳದು ಕೊಟ್ರಿ. ಆ ಜ್ವಾಳ ಬಿತ್ತಿದಾಕಿ ಅಕಿ, ಕೊಯ್ದಾಕಿ ಅಕಿ.

ಹೋದ ವಾರ ಅಕಿ ಮನ್ಯಾಗ ರೊಟ್ಟಿ ತಿಂದೆ. ಕಹಿ. ನುಂಗಾಕ ಆಗಲಿಲ್ಲ. ಅಕಿನ ನಾಚಿಕೊಂಡು, ಭಾಳ ಸಲ ತೊಳದ ಬೀಸೇನಿ ಅಂದ್ಲು. ಬ್ಯಾಡ ಅನ್ನಬೇಕಿತ್ತಲ್ಲ ಅಂದೆ.

"ದೊಡ್ಡ ಮನಿ ಕಾಳು. ಒಲ್ಲೆ ಅಂದ್ರ ನಾಳೆ ಕೆಲಸಕ್ಕ ಯಾರು ಕರೀತಾರೋ ತಮ್ಮಾ?" ಅಂದ್ಲು.

ಮಗ್ಗಲಕ್ಕ ಅಕಿ ಮೊಮ್ಮಗ ಕಾರಿ ಕಾರಿ ಸುಸ್ತಾಗಿ ಬಿದ್ದಿತ್ತು. ಈಗ ದವಾಖಾನ್ಯಾಗ ಐತಿ.

ಬಂದು ನಿಮಗ ಹೇಳಿದೆ. ಕೂಸು ಹೆಂಗೈತಿ ಅಂತ ನೀವು ಕೇಳಲಿಲ್ಲ. "ಮತ್ಯಾರಿಗೆ ಹೇಳಿದಿ?" ಅಂತ ಕೇಳಿದ್ರಿ.

ಅದಕ್ಕ ಎಲ್ಲಾರಿಗೂ ತೋರಿಸಿದೆ. ಕಲ್ಲು ಸರದ ಕೂಡ್ಲೆ ಗಂಡಿನ ತಾಯಿ ಮೂಗಿಗೆ ಸೆರಗು ಹಿಡಕೊಂಡ್ಲು. ಓಣಿ ಮಂದಿ ಬಂದು ಬಗ್ಗಿ ನೋಡಿದ್ರು. ಕಪ್ಪನ ಮುದ್ದಿ, ಹುಳಾ. ಇನ್ನ ಅದನ್ನ ಯಾರ ಉಡಿಯಾಗೂ ಸುರವಾಕ ಬರೂದಿಲ್ಲ ನಿಮಗ. ಅಷ್ಟ ಬೇಕಾಗಿತ್ತು.

ಮನಿ ಬಿಟ್ಟು ಹೋಗು ಅಂತ ನೀವು ಹೇಳೂದು ಬ್ಯಾಡ. ಕೇಶ್ವಾಪುರದಾಗ ಅಹಮದಸಾಬರ ಗ್ಯಾರೇಜಿನ್ಯಾಗ ಕೆಲಸಾ ಸಿಕ್ಕೇತಿ. ಮಧ್ಯಾಹ್ನದ ನಿದ್ದಿ ಮಾಡಾಕತ್ತೀರಿ, ತಲಿದಿಂಬಿನ ಬಾಜೂಕ ಇದನ್ನಿಟ್ಟು ಹೊಂಟೇನಿ. ಕಳ್ಳನಂಗ ಮೆಲ್ಲಕ ಹೋಗೂದಿಲ್ಲ. ತಲಿಬಾಗಲಾ ಎಷ್ಟು ಜೋರ್ಲೆ ಬಡೀತೇನಿ ಅಂದ್ರ ನೀವು ದಿಗ್ಗನ ಎದ್ದು ಕುಂದರಬೇಕು.

ಪರಮೇಶ

ತಾ.ಕ.: ಕಲ್ಲು ಎತ್ತಾಕ ಹಾರಿ ತಂದು ಕೈಯಾಗ ಕೊಟ್ಟಾಕಿ ತಂಗಿ ಸುಮಲತಾನ, ಅವರ ಮುಂದ ಕುಂದರಾಕ ಉಟ್ಟ ರೇಷ್ಮಿ ಸೀರಿ ಮ್ಯಾಲೇನ. ನಿನ್ನ ಹೆಸರು ಬರಿಯೂದಿಲ್ಲ ಅಂದೆ. ಬರಿ ಅಂದ್ಲು.