ಗೌಡರು ಕೇಳಿದರೆ ಹೇಳಬೇಕಾದದ್ದು

ಹುಕ್ಕೇರಿ,
೨೧ ನವೆಂಬರ್ ೧೯೫೮

ರಾಯವ್ವನ ತಂದೆಯವರಿಗೆ ಮರೆವ್ವ ಮಾಡುವ ವಂದನೆಗಳು.

ನಾನೂ ರಾಯವ್ವನೂ ಕ್ಷೇಮ. ನಿಮ್ಮ ಕ್ಷೇಮ ನನಗೆ ಗೊತ್ತಾಗಿದೆ. ಹೇಗೆ ಗೊತ್ತಾಯಿತು ಎಂಬುದನ್ನು ಮುಂದೆ ಬರೆಯುತ್ತೇನೆ. ಮೊದಲು ಕೆಲಸದ ಮಾತು. ನೀವು ಅಂಕಲಗಿ ಕಡೆಯ ಆಟಗಳನ್ನು ಮುಗಿಸಿ ಶ್ರೀಕೃಷ್ಣ ಪಾರಿಜಾತದ ಮೇಳದೊಡನೆ ತಿರುಗಿ ಬಂದಾಗ, ಹೊಳೆ ದಾಟುವ ಮೊದಲೇ ಈ ಕಾಗದವನ್ನು ಪೂರ್ತಿ ಓದಬೇಕು. ನೀವು ಇಳಿದುಕೊಂಡಿರುವ ಊರಿನ ಉದ್ದಪ್ಪಗೌಡರು ನಿಮ್ಮನ್ನು ಚಾವಡಿಗೆ ಕರೆಸಿ ಒಂದು ಪ್ರಶ್ನೆ ಕೇಳಲಿದ್ದಾರೆ. ನಿಮ್ಮ ಉತ್ತರ ನಾನು ಕೊಟ್ಟ ಉತ್ತರಕ್ಕೆ ಹೊಂದದಿದ್ದರೆ ಆ ಊರಿನಲ್ಲಿ ನಿಮಗೆ ಕುಡಿಯುವ ನೀರೂ ಸಿಗುವುದಿಲ್ಲ. ಮೇಳದವರು ಹಾರ್ಮೋನಿಯಂ ಪೇಟಿಯ ಮುಂದಿನಿಂದ ನಿಮ್ಮನ್ನು ಎಬ್ಬಿಸುತ್ತಾರೆ.

ಊರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾಗದವನ್ನು ದೋಣಿ ನಡೆಸುವ ಮೌಲಾಅಲಿಯ ಕೈಯಲ್ಲಿ ಕೊಡುತ್ತೇನೆ. ತನಗೆ ಓದಲು ಬರುವುದಿಲ್ಲ ಎಂದು ಅವನು ಹೇಳಿದ್ದಾನೆ. ಆದರೂ ನಾಲ್ಕೂ ಕಡೆ ಅಂಟು ಹಚ್ಚುತ್ತೇನೆ.

ನೀವು ಮೂಡಲಗಿಯ ಜವಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದೀರಿ ಎಂದು ಒಂದು ವರ್ಷದಿಂದ ನಂಬಿಕೊಂಡಿದ್ದೆ. ನಂಬಿದ್ದೆ ಎಂಬುದು ಪೂರ್ತಿ ಸರಿಯಲ್ಲ. ಜವಳಿ ಅಂಗಡಿಯವನು ಬರೆಯುವ ಕಾಗದದಲ್ಲಿ ಒಂದು ಸಲವಾದರೂ ಬಟ್ಟೆಯ ಮಾತು ಬರಬೇಕಿತ್ತು. ನಿಮ್ಮ ಕಾಗದಗಳಲ್ಲಿ ಎತ್ತು, ಗಾಡಿ, ಜಾಗರಣೆ, ಗಂಟಲು ನೋವು ಇವೇ ಇದ್ದವು. ಕೊನೆಗೆ ಬಳೆಗಾರ ಇಸ್ಮಾಯಿಲ ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದ. ವಾರಕ್ಕೊಮ್ಮೆ ಮೂಡಲಗಿಗೆ ಹೋಗುವವನು ಅವನು.

"ಆ ಅಂಗಡ್ಯಾಗ ದುಂಡಪ್ಪ ಅನ್ನಾಂವ ಯಾಂವೂ ಇಲ್ರಿ ಅಕ್ಕಾರ. ಕಾಗದ ಬಂದ್ರ ಇಟ್ಕೋತಾರ, ಗಾಡಿಯವರು ಬಂದ್ ಒಯ್ತಾರ. ನಿಮ್ಮ ಯಜಮಾನ್ರನ್ನ ನಾ ಹುಕ್ಕೇರಿ ಸಂತ್ಯಾಗ ನೋಡೇನಿ. ಪಾರಿಜಾತದವರ ಗಾಡ್ಯಾಗ ಪೇಟಿ ತೊಡಿಮ್ಯಾಲ ಇಟ್ಕೊಂಡ ಕುಂತಿದ್ರು. ಗುರುತ ಸಿಗಲಾರದಂಗ ಪಟಕಾ ಸುತ್ತಿದ್ರು."

ಎಲ್ಲಿ ಇಳಿದುಕೊಂಡಿದ್ದಾರೆ ಎಂದು ಕೇಳಿದೆ. ಹೊಳೆಸಾಲಿನ ಊರು ಎಂದಷ್ಟೇ ಹೇಳಿ ಬಳೆಗಳ ಕಡೆ ನೋಡತೊಡಗಿದ. ಅವನು ಹೇಳದೆ ಉಳಿಸಿಕೊಂಡದ್ದು ಹೆಣ್ಣಿನ ಮಾತು ಎಂದು ನನಗೆ ಆಗಲೇ ಅನಿಸಿತು.

ಅದೇ ವಾರ ನಮ್ಮ ಸಭೆಯ ಪಾದ್ರಿ ದೇವಪುತ್ರ ಅಯ್ಯನವರು ದೀಪಾವಳಿ ಸೂಟಿಯಲ್ಲಿ ಹೊಳೆಸಾಲಿನ ಊರುಗಳಿಗೆ ಎಂಟು ದಿನದ ಸುವಾರ್ತೆಯ ತಿರುಗಾಟ ಗೊತ್ತು ಮಾಡಿದರು. ಔಷಧ, ಹಾಡು, ಪರದೆಯ ಮೇಲೆ ಚಿತ್ರ ತೋರಿಸುವ ದೀಪ. ಹೆಂಗಸರ ನಡುವೆ ಹೋಗಲು ಒಬ್ಬ ನರ್ಸಬಾಯಿ ಬೇಕಿತ್ತು. ನಾನಾಗಿಯೇ ಹೆಸರು ಕೊಟ್ಟೆ. ಕರ್ತನ ಕರೆ ಎಂದು ಅಯ್ಯನವರು ತಿಳಿದರು. ನಾನು ತಿದ್ದಲಿಲ್ಲ. ರಾಯವ್ವನನ್ನು ಕೊಣ್ಣೂರಿನ ಅತ್ತೆಯ ಮನೆಯಲ್ಲಿ ಬಿಟ್ಟು ಬಂದೆ. ನಿಮಗೆ ಇನ್ನೊಂದು ಮನೆ ಇದೆಯೋ ಇಲ್ಲವೋ ಎಂಬುದೊಂದನ್ನು ತಿಳಿಯುವುದಕ್ಕಾಗಿ ನಾನು ಹೊರಟೆ.

ಮೊದಲ ಎರಡು ಊರುಗಳಲ್ಲಿ ನೀವು ಸಿಗಲಿಲ್ಲ. ಅನುಮಾನ ಮಾತ್ರ ಎಲ್ಲ ಕಡೆ ಸಿಕ್ಕಿತು. ಮಾತ್ರೆ ನುಂಗಿದರೆ ಜಾತಿ ಹೋಗುತ್ತದೆ ಎಂದು ಹೆಂಗಸರು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹೊಳೆಗೆ ಎಸೆಯುತ್ತಿದ್ದರು. ನೀವು ಇಳಿದುಕೊಂಡ ಊರಿನಲ್ಲಿ ಅದಕ್ಕೂ ಮಿಗಿಲು. ಚಿತ್ರದ ದೀಪವನ್ನು ಇಡುವ ಮೂರು ಕಾಲಿನ ಸ್ಟ್ಯಾಂಡನ್ನು ನಮ್ಮ ಕಂಪೌಂಡರ ಹೊಳೆಪ್ಪ ದೋಣಿಯಿಂದ ಇಳಿಸಿದ್ದೇ ತಡ, ಗಂಡಸರು ದಂಡೆಗೆ ಬಂದು ಅಡ್ಡ ನಿಂತರು. ಹೊಳೆಗೆ ಒಡ್ಡು ಕಟ್ಟುತ್ತಾರೆ, ಊರು ಮುಳುಗುತ್ತದೆ ಎಂಬ ಸುದ್ದಿ ಪತ್ರಿಕೆಯಲ್ಲಿ ನಾನೂ ಓದಿದ್ದೇನೆ. ಒಡ್ಡಿನ ಅಳತೆಗೆ ಬರುವವರು ಇಂಥದೇ ಮೂರು ಕಾಲಿನ ಸ್ಟ್ಯಾಂಡು ತರುತ್ತಾರಂತೆ.

"ಇದರಾಗ ಕಣ್ಣಿಟ್ಟ ನೋಡಿದ್ರ ನಮ್ಮ ಹೊಲಾ ಎಷ್ಟ ಮುಳಗತೈತಿ ಅನ್ನೂದು ಕಾಣತೈತೇನು?" ಎಂದು ಉದ್ದಪ್ಪಗೌಡರು ಕೇಳಿದರು.

"ಇಲ್ರಿ ಗೌಡ್ರ, ಇದರಾಗ ಯೇಸುಸ್ವಾಮಿ ಕಾಣತಾನ" ಎಂದ ಹೊಳೆಪ್ಪ.

"ಹಂಗಾರ ಅಂವಾ ಹೊಳ್ಯಾಗ ನಿಂತಾನೋ ದಂಡಿಮ್ಯಾಲೆ ನಿಂತಾನೋ ನೋಡಿ ಹೇಳು" ಎಂದರು ಗೌಡರು. ಎಲ್ಲರೂ ನಕ್ಕರು. ನಗುವಿನ ನಡುವೆ ನಮ್ಮನ್ನು ಊರೊಳಗೆ ಬಿಟ್ಟರು.

ಆ ಸಂಜೆ ಹನುಮಪ್ಪನ ಗುಡಿಯ ಎದುರಿನ ಬಯಲಿನಲ್ಲಿ ಪರದೆ ಕಟ್ಟಿದೆವು. ಮೊದಲು ಹಾಡು. ಅಯ್ಯನವರು ನೀವು ಸಭೆಗೆ ಕಟ್ಟಿಕೊಟ್ಟ ಹಾಡನ್ನೇ ಎತ್ತಿದರು, "ಕತ್ತಲಾಯಿತು ಕರ್ತನೆ, ಕದವ ತೆರೆದು ಬಾ." ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹಿಂದೆ ಕುಳಿತ ಹೆಂಗಸರು ಧಾಟಿ ಹಿಡಿದರು. ಮೂರನೆಯ ಸಾಲಿಗೆ ದನಿ ಎತ್ತಿ ಹಾಡಿದರು. ಎಲ್ಲಿ ಏರಬೇಕು, ಎಲ್ಲಿ ತಡೆಯಬೇಕು ಎಲ್ಲವೂ ಅವರಿಗೆ ಗೊತ್ತಿತ್ತು. ಮಾತುಗಳು ಮಾತ್ರ ಬೇರೆ, ಪಾರಿಜಾತದ ಆಟದವು. "ಹೂವ ಯಾರಿಗೆ ಕೊಟ್ಟಿ ಕೃಷ್ಣಾ, ಖರೆಯ ಹೇಳು ಬಾ."

ಆ ಹಾಡು ಅಚ್ಚಾಗಿಲ್ಲ. ನಮ್ಮ ಗೋಕಾಕದ ಸಭೆಯ ಹೊರಗೆ ಅದನ್ನು ಯಾರೂ ಹಾಡುವುದಿಲ್ಲ. ಅಯ್ಯನವರ ಕಣ್ಣಲ್ಲಿ ನೀರು ಬಂತು. ಮನುಷ್ಯರು ಮುಟ್ಟದ ಊರಿಗೆ ಕರ್ತನೇ ಮುಂದಾಗಿ ಬಂದು ಧಾಟಿ ಕಲಿಸಿ ಹೋಗಿದ್ದಾನೆ ಎಂದು ಅಲ್ಲಿಯೇ ಪ್ರಾರ್ಥನೆ ಮಾಡಿದರು. ನಾನು ಕಣ್ಣು ಮುಚ್ಚಲಿಲ್ಲ. ಯಾರು ಬಂದು ಹೋಗಿದ್ದಾರೆ ಎಂಬುದು ನನಗೆ ತಿಳಿದಿತ್ತು.

ಅಯ್ಯನವರು ಆ ಪ್ರಾರ್ಥನೆಯನ್ನು ಮನಸ್ಸಿನಲ್ಲಿಯೇ ಮಾಡಿದ್ದರೆ ನಾನು ಈ ಕಾಗದ ಬರೆಯಬೇಕಾಗಿರಲಿಲ್ಲ. ಗೌಡರು ಅದರ ಪ್ರತಿ ಮಾತನ್ನೂ ಕೇಳಿದ್ದರು. ಬೆಳಗ್ಗೆ ನಮ್ಮೆಲ್ಲರನ್ನೂ ಚಾವಡಿಗೆ ಕರೆಸಿದರು. ಊರ ಗಂಡಸರೆಲ್ಲ ನೆರೆದಿದ್ದರು.

"ನಿಮ್ಮ ಹಾಡು ನಮ್ಮ ಹೆಣ್ಣಮಕ್ಕಳ ಬಾಯಾಗ ಹೆಂಗ ಬಂತ್ರಿ ಪಾದ್ರಿಗೋಳ? ನಿಮ್ಮ ದೇವರು ಬಂದು ಕಲಿಸಿದ್ದನ್ನ ನಾ ನೋಡಿಲ್ಲ. ನಿಮ್ಮ ಪೈಕಿ ಯಾಂವರೆ ವೇಷಾ ಹಾಕ್ಕೊಂಡ ನಮ್ಮೂರಾಗ ಹೊಕ್ಕಾನೇನು?"

ಅಯ್ಯನವರಿಗೆ ನಿಜವಾಗಿ ಏನೂ ಗೊತ್ತಿರಲಿಲ್ಲ, ಆದ್ದರಿಂದ ತಡವರಿಸಿದರು. ಗೊತ್ತಿದ್ದು ಮುಚ್ಚಿಡುವವನ ಹಾಗೆ ಕಂಡರು. ಆಗ ಒಬ್ಬ, "ಈ ಧಾಟಿ ಹಚ್ಚಿದಾಂವ ನಮ್ಮ ಪೇಟಿ ಮಾಸ್ತರ ಅಲ್ಲೇನು? ಅಂವ ಯಾವೂರಾಂವ?" ಎಂದ. ಮಾಸ್ತರ ಯಾವ ಊರು, ಯಾರ ಪೈಕಿ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮುಖ ಮುಖ ನೋಡಿಕೊಂಡರು.

ನಿಮಗೆ ಹೆಸರು ಬದಲಿಸುವ ಅಗತ್ಯವೂ ಬಿದ್ದಿರಲಿಲ್ಲ. ದುಂಡಪ್ಪ ಎಂದರೆ ಯಾರೂ ಸಭೆಯವನು ಎಂದು ತಿಳಿಯುವುದಿಲ್ಲ. ಆದರೆ ನೀವು ಅವರ ಗುಡಿಯೊಳಗೆ ಕುಳಿತು ಪೇಟಿ ಬಾರಿಸಿದ್ದೀರಿ, ಅವರ ಮನೆಗಳಲ್ಲಿ ಉಂಡಿದ್ದೀರಿ. ಒಂದು ಎಳೆ ಸಿಕ್ಕರೆ ನಮ್ಮ ಅಜ್ಜಂದಿರು ಯಾವ ಕೇರಿಯಿಂದ ಸಭೆಗೆ ಬಂದರು ಎಂಬುದರವರೆಗೂ ಎಳೆಯುತ್ತಾರೆ. ಆಮೇಲೆ ನಿಮ್ಮ ಮೈಮೇಲೆ ಕೈ ಬೀಳುವುದು ತಪ್ಪುವುದಿಲ್ಲ.

ಆದ್ದರಿಂದ ನಾನು ಎದ್ದು ನಿಂತು ಹೀಗೆ ಹೇಳಿದೆ. ನೀವೂ ಹೀಗೆಯೇ ಹೇಳಬೇಕು.

"ಗೌಡ್ರ, ಧಾಟಿ ನಿಮ್ಮದು. ನಮ್ಮದಲ್ಲ. ನಮ್ಮ ಸಭಾದಾಗ ಪೇಟಿ ಬಾರಿಸಾವರು ಒಬ್ರಿದ್ರು. ಅವರು ಪಾರಿಜಾತ ನೋಡಾಕ ಹೋಗಿ ಕೇಳಿ ಬಂದು ಅದಕ್ಕ ನಮ್ಮ ಮಾತು ಹಚ್ಚಿದ್ರು. ಅಯ್ಯನವರಿಗೆ ಇದು ಗೊತ್ತಿಲ್ಲ. ನನಗ ಗೊತ್ತೈತಿ, ಯಾಕಂದ್ರ ಅವರು ನನ್ನ ಗಂಡ."

ಗೌಡರು ಮೀಸೆ ಒರೆಸಿಕೊಂಡು, "ಕಳವು ಮಾಡಿದ್ದಕ್ಕ ಪಾದ್ರಿ ಅಳತಿದ್ರೇನು ಮತ್ತ?" ಎಂದರು. ಜನ ಬಿದ್ದು ಬಿದ್ದು ನಕ್ಕರು. ಹೋಗುವಾಗ ಮಾತ್ರ ನಗದೆ ಹೇಳಿದರು: "ಮಾಸ್ತರ ಬರ್ಲಿ. ಅವನ್ನೂ ಒಂದ ಮಾತ ಕೇಳತೇನಿ." ಅವರು ನನ್ನನ್ನು ಪೂರ್ತಿ ನಂಬಿಲ್ಲ. ಆದ್ದರಿಂದ ನಿಮ್ಮ ಉತ್ತರ ಇಷ್ಟು: ಧಾಟಿ ಪಾರಿಜಾತದ್ದು, ಹಿರಿಯರಿಂದ ಬಂದದ್ದು, ಗೋಕಾಕದ ಪಾದ್ರಿಗಳನ್ನು ಕಂಡಿಲ್ಲ. ಹೆಚ್ಚು ಮಾತಾಡಬೇಡಿ. ನಿಮಗೆ ವಿವರಿಸುವ ಚಟ ಇದೆ.

ಅಯ್ಯನವರು ಆ ದಿನ ಪೂರ್ತಿ ನನ್ನೊಡನೆ ಮಾತಾಡಲಿಲ್ಲ. ಆಟದ ಧಾಟಿಯನ್ನು ಇಷ್ಟು ವರ್ಷ ಕರ್ತನ ಭೋಜನದ ಆರಾಧನೆಗೆ ಮುಂಚೆ ಹಾಡಿದೆವಲ್ಲ ಎಂದು ಹೊಳೆಪ್ಪನ ಎದುರು ಹೇಳಿ ನೊಂದರಂತೆ. ಇನ್ನು ಮುಂದೆ ಆ ಹಾಡು ನಮ್ಮ ಸಭೆಯಲ್ಲಿ ಇರುವುದಿಲ್ಲ. ನಿಮ್ಮ ಜೀವಕ್ಕಾಗಿ ನಿಮ್ಮ ಹಾಡನ್ನು ಬಿಟ್ಟುಕೊಟ್ಟೆ. ಹೊಳೆಪ್ಪ ಮಾತ್ರ ನನ್ನನ್ನೇ ನೋಡುತ್ತಿದ್ದ. "ಮರೆವ್ವಬಾಯಿ, ಮಾಸ್ತರನ ಹೆಸರ ಏನಂತ ನೀವು ಕೇಳಲೇ ಇಲ್ಲಲ್ರಿ" ಎಂದ. ಕೇಳುವ ಕೆಲಸ ನನ್ನದಲ್ಲ ಎಂದೆ.

ಇನ್ನು ಕಾಶೆವ್ವನ ಮಾತು. ಅವಳ ಅತ್ತೆ ಕೆಂಪವ್ವನ ಕಾಲಿನ ಹುಣ್ಣು ತೊಳೆಯಲು ಅವರ ಮನೆಗೆ ಹೋಗಿದ್ದೆ. ಗೂಟಕ್ಕೆ ಪೇಟಿಯ ಹಳೆಯ ಗವಸು ನೇತು ಹಾಕಿತ್ತು. ರಾಯವ್ವನ ಹಳೆಯ ಹಸಿರು ಪರಕಾರದ ಹೊಲಿಗೆ ಬಿಚ್ಚಿ ಆ ಬಟ್ಟೆಯಲ್ಲಿ ನಾನು ಹೊಲಿದದ್ದು. ನಾನು ಅದನ್ನು ನೋಡಿದ್ದನ್ನು ಕಾಶೆವ್ವ ನೋಡಿದಳು. ವಿಧವೆ, ಮೂವತ್ತರ ಆಚೆ ಈಚೆ, ಗಟ್ಟಿ ಕೈಯವಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು:

"ಮೇಳದವರು ನಮ್ಮಲ್ಲೇ ಉಣ್ತಾರ. ಮಾಸ್ತರು ಬಾಜೂ ಖೋಲ್ಯಾಗ ಇರ್ತಾರ. ಅವರಿಗೊಬ್ಬಾಕಿ ಹೇಂತಿ ಅದಾಳ ಅಂತ ಕೇಳಿದ್ವಿ. ಆಕಿ ಇಷ್ಟ ಗಪ್ಪಂತ ಕುಂದರತಾಳ ಅಂತ ಕೇಳಿದ್ದಿಲ್ಲ."

ನಾನು ಪಟ್ಟಿ ಕಟ್ಟಿ ಮುಗಿಸಿದೆ. ಬಾಜೂ ಖೋಲಿಯ ಬಾಗಿಲು ತೆರೆದೇ ಇತ್ತು. ಒಂದು ಚಾಪೆ, ಒಂದು ದಿಂಬು ಕಂಡವು. ಒಂದು ದಿಂಬಿನಿಂದ ಏನೂ ಸಾಬೀತಾಗುವುದಿಲ್ಲ. ಏಳುವಾಗ ಅವಳು ಬಿಸಿ ರೊಟ್ಟಿ ಕೊಟ್ಟಳು, ಉಂಡೆ.

ಕಳೆದ ಮೂರು ದಿನ ಇದನ್ನೇ ಯೋಚಿಸಿದ್ದೇನೆ. ನೀವು ಸುಳ್ಳು ಬರೆದಿರಿ. ಸಭೆಯ ಪೇಟಿಗಿಂತ ಪಾರಿಜಾತದ ಪೇಟಿ ನಿಮ್ಮನ್ನು ಎಳೆಯಿತು ಎಂದು ಹೇಳಿದ್ದರೆ ನಾನು ಜಗಳ ಮಾಡುತ್ತಿದ್ದೆ, ಆದರೆ ಅರ್ಥವಾಗುತ್ತಿತ್ತು. ಆದರೂ ಒಂದು ವಿಷಯದಲ್ಲಿ ನನಗೆ ಅನುಮಾನವಿಲ್ಲ. ರಾಯವ್ವ ಹುಟ್ಟಿದ ವಾರ ನೀವು ಪೇಟಿಯ ಮುಂದೆ ಕುಳಿತು ಆ ಧಾಟಿಯನ್ನು ಹುಡುಕಿದಿರಿ. ಸಿಗಲೊಲ್ಲದು ಎಂದು ಹಣೆ ಒತ್ತಿಕೊಂಡಿರಿ. ಬಾಣಂತಿ ಕೋಣೆಯಿಂದ ನಾನು ಎಲ್ಲವನ್ನೂ ಕೇಳುತ್ತಿದ್ದೆ. ಕೊನೆಗೆ ಸಿಕ್ಕಿತು ಎಂದು ಓಡಿ ಬಂದು ಇದು ನಿನಗೆ, ಕೂಸಿಗೆ ಎಂದಿರಿ. ಅದನ್ನು ಪಾರಿಜಾತದ ಭಾಮೆಗೂ ಕೊಟ್ಟಿರಿ ಎಂದು ಹೊಟ್ಟೆ ಉರಿಯಿತು. ಆದರೆ ಕಟ್ಟಿದ್ದು ನನ್ನ ಮನೆಯಲ್ಲಿ. ಅಷ್ಟು ನನಗೆ ಸಾಕು.

ಕ್ರಿಸ್ಮಸ್ಸಿಗೆ ಬನ್ನಿ. ಪಟಕಾ ಬಿಚ್ಚಿ, ಹಗಲಿನಲ್ಲಿ, ಎಲ್ಲರೂ ನೋಡುವ ಹಾಗೆ ಬನ್ನಿ. ಪಾರಿಜಾತ ಬಿಡಿ ಎನ್ನುವುದಿಲ್ಲ. ಕಾಶೆವ್ವನ ವಿಷಯ ಕೇಳುವುದಿಲ್ಲ.

ಇಂತಿ,
ನಿಮ್ಮ ಮರೆವ್ವ

ತಾ.ಕ. ಮೇಲಿನದನ್ನು ಬರೆದು ಮುಗಿಸಿ ಬಸ್ಸಿಗೆ ಕಾದು ಕುಳಿತಿದ್ದೆ. ಮೌಲಾಅಲಿ ಕೆಂಪವ್ವನನ್ನು ಹೊಳೆ ದಾಟಿಸಿ ಕಾಲು ತೋರಿಸಲು ಇಲ್ಲಿಗೇ ಕರೆತಂದ. ಮುದುಕಿ ನನ್ನ ಬದಿಗೆ ಕುಳಿತು ಸಣ್ಣ ದನಿಯಲ್ಲಿ ಹೇಳಿದಳು: "ಗೌಡನ ಮುಂದ ನೀ ಹೇಳಿದ್ದು ಖರೇನ ಐತಿ ತಂಗಿ. ಅದು ಬೀಸೂ ಕಲ್ಲಿನ ಪದದ ಧಾಟಿ. ನಮ್ಮವ್ವ ಹಾಡತಿದ್ಲು. ಮಾಸ್ತರಗ ಆಗಿನ್ನೂ ಮೀಸಿ ಮೂಡಿದ್ದಿಲ್ಲ, ಹಳೇ ಪಾದ್ರಿಗೋಳ ಜೋಡಿ ಹೊಳಿ ದಾಟಿ ಬಂದಿದ್ದ. ದಿನಾ ಸಂಜಿಕ ನನ್ನ ಕಡಿಂದ ಹಾಡಿಸ್ಕೊಂಡ ಕುಂದರತಿದ್ದ. ಈಗ ಬಂದಾಗ ನಾ ಗುರುತ ಹಿಡದ್ನಿ. ಊರಿಗಿ ಹೇಳಿಲ್ಲ. ಉಂಡ ಹೋಗೂ ಹುಡುಗನ್ನ ಯಾಕ ಕೆಡಸೂದು?"

ಅವಳು ಹಾಡಿಯೂ ತೋರಿಸಿದಳು. ಅದೇ ಧಾಟಿ. ಹಾಗಾದರೆ ರಾಯವ್ವ ಹುಟ್ಟಿದ ವಾರ ನಾನು ಕೇಳಲಿ ಎಂದು ಪೇಟಿಯ ಮುಂದೆ ಕುಳಿತು ನೀವು ಹುಡುಕುತ್ತಿದ್ದದ್ದು ಏನು?

ಗೌಡರಿಗೆ ಹೇಳಬೇಕಾದ ಉತ್ತರ ಬದಲಾಗಿಲ್ಲ. ಕ್ರಿಸ್ಮಸ್ಸಿಗೆ ಬನ್ನಿ ಎಂದದ್ದೂ ಬದಲಾಗಿಲ್ಲ, ರಾಯವ್ವ ದಾರಿ ನೋಡುತ್ತಾಳೆ. ಮೇಲೆ ಕಾಶೆವ್ವನ ವಿಷಯ ಬರೆದ ಕೊನೆಯ ಸಾಲಿಗೆ ಮಾತ್ರ ಗೀಟು ಎಳೆದಿದ್ದೇನೆ. ಕೇಳುತ್ತೇನೆ.