ಮೈಸೂರಿಗೆಂದು ಹೊರಟ ಸೂಟ್‌ಕೇಸ್

ರಾವಂದೂರು
೧೨ ಡಿಸೆಂಬರ್ ೨೦೨೪, ಗುರುವಾರ

ಮಗಳೇ ಸೌಂದರ್ಯ,

ಮೊದಲು ಬಾಗಿಲು ಹಾಕಿಕೊ. ಆಮೇಲೆ ಓದು.

ರೂಪಶ್ರೀ ತಂದುಕೊಟ್ಟ ನೀಲಿ ಸೂಟ್‌ಕೇಸ್ ನೋಡಿ ಯಾರದೋ ಎಂದುಕೊಳ್ಳಬೇಡ. ನನ್ನ ಮದುವೆಗೆ ತವರಿನವರು ಕೊಟ್ಟಿದ್ದ ಕಂದು ಸೂಟ್‌ಕೇಸೇ ಅದು. ನರ್ಸಿಂಗ್ ಓದುವಾಗ ನೀನು ಹಾಸ್ಟೆಲಿಗೆ ಹೊತ್ತುಕೊಂಡು ಹೋಗುತ್ತಿದ್ದೆಯಲ್ಲ, ಅದೇ. ಬಸ್‌ಸ್ಟ್ಯಾಂಡಿನಲ್ಲಿ ಕೂರುವವರಿಗೆಲ್ಲ ಅದರ ಗುರುತಿದೆ. ಅದಕ್ಕೇ ಮುಖ ಬದಲಿಸಬೇಕಾಯಿತು.

ಒಳಗೆ ತಳಕ್ಕೆ ಹಳದಿ ಹೂವಿನ ಕಾಗದ ಅಂಟಿಸಿದ್ದೇನೆ. ಅಂಚಿಗೆ ಬ್ಲೇಡ್ ಕೊಟ್ಟು ನಿಧಾನವಾಗಿ ಬಿಡಿಸು, ನೀರು ಮಾತ್ರ ಮುಟ್ಟಿಸಬೇಡ. ಅಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನಿನ್ನ ಅಂಕಪಟ್ಟಿಗಳು, ನರ್ಸಿಂಗ್ ಸರ್ಟಿಫಿಕೇಟು, ಆಧಾರ್ ಇವೆ. ಅಸಲು ಕಾಗದ ತೋರಿಸದೆ ಆಸ್ಪತ್ರೆಯವರು ಕೆಲಸ ಕೊಡುವುದಿಲ್ಲವೆಂದು ನೀನು ರೂಪಶ್ರೀ ಹತ್ತಿರ ಹೇಳಿ ಕಳಿಸಿದಾಗಿನಿಂದ ನನಗೆ ಇದೊಂದೇ ಯೋಚನೆ.

ಕಾಗದಗಳೆಲ್ಲ ಬೀರುವಿನಲ್ಲಿದ್ದವು. ಬೀರುವಿನ ಕೀ ನಿಮ್ಮಪ್ಪನ ಉಡುದಾರದಲ್ಲಿ. ಸ್ನಾನಕ್ಕೆ ಹೋಗುವಾಗ ಬಿಚ್ಚಿ ಗೂಟಕ್ಕೆ ಹಾಕುತ್ತಾರೆ. ಬಚ್ಚಲಲ್ಲಿ ಚೊಂಬಿನ ಸದ್ದು ನಿಲ್ಲುವುದರೊಳಗೆ ತೆಗೆದುಕೊಂಡು, ಆ ಕವರಿಗೆ ಹಳೇ ಕರೆಂಟ್ ಬಿಲ್ಲುಗಳನ್ನು ತುರುಕಿ ಬೀಗ ಹಾಕಿದೆ. ಅವತ್ತಿನಿಂದ ಅವರು ಬೀರುವಿನ ಕಡೆ ನಡೆದರೆ ಸಾಕು, ಏನಾದರೊಂದು ನೆಪ ಹೇಳಿ ಈಚೆಗೆ ಕರೆಯುತ್ತೇನೆ.

ನೀನು ಚೇತನ್‌ಕುಮಾರನ ಜೊತೆ ಹೋದ ದಿನವೇ ನಿನ್ನ ಬಟ್ಟೆಗಳನ್ನೆಲ್ಲ ನಿನ್ನ ಚಿಕ್ಕಪ್ಪ ಪುಟ್ಟಸ್ವಾಮಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಗೆ ಹಾಕಿದ. ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವರ ಮಗನನ್ನು ಮದುವೆಯಾದಳಲ್ಲ ಎಂದು ಊರೆಲ್ಲ ಕೇಳುವ ಹಾಗೆ ಕೂಗಾಡಿದ. "ಸಿಕ್ಲಿ ಕಣಣ್ಣ, ಇಬ್ರುನ್ನೂ ಒಂದೇ ಗುಂಡೀಗ್ ಹಾಕ್ತೀನಿ" ಅಂದ. ಅವನ ಬಾಯಿ ನನಗೆ ಗೊತ್ತು, ಕೂಗಿ ಸುಮ್ಮನಾಗುತ್ತಾನೆ ಎಂದುಕೊಂಡಿದ್ದೆ. ಅವನು ಸುಮ್ಮನಾಗಲಿಲ್ಲ. ಬೈಕ್ ಹತ್ತಿ ಹುಣಸೂರು, ಕೆ.ಆರ್. ನಗರ ಎಲ್ಲ ಸುತ್ತಿ ಬಂದ. ನಿಮ್ಮಪ್ಪ ಏನೂ ಅನ್ನಲಿಲ್ಲ. ನನ್ನ ಫೋನ್ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು, ಅಷ್ಟೇ. ನನಗೆ ಕೂಗುವವನಿಗಿಂತ ಆ ಮೌನವೇ ಹೆಚ್ಚು ಭಯ.

ರೂಪಶ್ರೀ ನಮ್ಮ ಮಹಿಳಾ ಸಂಘದಲ್ಲಿ ಹಳೇ ಡಬ್ಬ, ಟ್ರೇಗಳಿಗೆ ಬಣ್ಣ ಹಚ್ಚಿ, ಕಾಗದದ ಚಿತ್ರ ಅಂಟಿಸಿ ಮಾರಲು ಕಲಿಸುತ್ತಾಳಲ್ಲ, ಈ ಉಪಾಯ ಅವಳದೇ. ಬಚ್ಚಿಟ್ಟು ಮಾಡಿದರೆ ಅನುಮಾನ, ಜಗಲಿಯ ಮೇಲೆ ಕೂತೇ ಮಾಡಿ ಅಂದಳು. ಮನೆಯಲ್ಲಿ ಮೈಸೂರಿನ ಅಂಗಡಿಗೆ ಮಾರಲು ಎಂದು ಹೇಳಿದೆ. ಉಪ್ಪುಕಾಗದದಲ್ಲಿ ಉಜ್ಜಿ, ಬಿಳಿ ಹೊಡೆದು, ಮೇಲೆ ನೀಲಿ ಬಳಿದೆ. ಹಳೇ ಲಗ್ನಪತ್ರಿಕೆಗಳಿಂದ ನವಿಲು, ಬಳ್ಳಿ ಕತ್ತರಿಸಿದೆ. ಗೋಂದಿಗೆ ನೀರು ಬೆರೆಸಿ, ಚಿತ್ರದ ನಡುವಿನಿಂದ ಅಂಚಿಗೆ ಬೆರಳಲ್ಲಿ ಸವರುತ್ತ ಹೋಗಬೇಕು, ಇಲ್ಲದಿದ್ದರೆ ಗಾಳಿ ಸೇರಿ ಗುಳ್ಳೆ ಏಳುತ್ತದೆ. ಬಲಮೂಲೆಯ ನವಿಲಿನ ಕತ್ತಿನಲ್ಲಿ ಒಂದು ಸುಕ್ಕು ಉಳಿದಿದೆ. ಗೇಟಿನ ಸದ್ದಾಯಿತೆಂದು ಅರ್ಧಕ್ಕೇ ಬಿಟ್ಟು ಎದ್ದೆ, ಹಾಗಾಯಿತು. ಬಂದದ್ದು ಹಾಲಿನವನು.

ಒಳಗಿನ ಕಾಗದ ಅಂಟಿಸಿದ ದಿನ ಮಾತ್ರ ನಿಜವಾಗಿ ಪುಟ್ಟಸ್ವಾಮಿ ಬಂದ. ನನ್ನೆದುರೇ ಕುಕ್ಕರಗಾಲಲ್ಲಿ ಕೂತು, "ಇದೇನ್ ಅತ್ಗೆ, ಮಗ್ಳು ಮಾನ ಕಳ್ದೋದ್ಲು, ನೀನು ಬಣ್ಣ ಬಳ್ಕಂಡ್ ಕುಂತಿದೀಯ?" ಅಂದ.

"ಮನಸ್ಗೆ ಏನಾರ ಬೇಕಲ್ಲಪ್ಪ" ಅಂದೆ.

ಮುಚ್ಚಳ ಎತ್ತಿದ. ಒಳಗೆ ಕೈಯಾಡಿಸಿದ. ಅವನ ಹೆಬ್ಬೆರಳು ಸರಿಯಾಗಿ ನಿನ್ನ ಸರ್ಟಿಫಿಕೇಟಿನ ಮೇಲೆ ನಿಂತಿತು. "ಇಲ್ಲೇನೋ ದಪ್ಪುಕ್ಕದೆ" ಅಂದ. ನನ್ನ ಕಿವಿಯಲ್ಲಿ ಹುಯ್ ಎಂದು ಸದ್ದು, ಅವನ ತುಟಿ ಆಡುವುದಷ್ಟೇ ಕಾಣುತ್ತಿತ್ತು. ಗೋಂದು ಒಣಗಿಲ್ಲ, ಅದಕ್ಕೆ ಉಬ್ಬಿದೆ ಎಂದು ಹೇಗೆ ಹೇಳಿದೆನೋ ಗೊತ್ತಿಲ್ಲ. ಅವನು ಉಗುರು ಹಾಕಿ ಅಂಚು ಕೆದಕಿದ.

ಅಷ್ಟರಲ್ಲಿ ಒಳಗಿನಿಂದ ನಿಮ್ಮಪ್ಪ ಬಂದರು. ಸೂಟ್‌ಕೇಸ್ ನೋಡಿದರು, ನನ್ನ ಮುಖ ನೋಡಿದರು. "ಕೈ ತಗಿಲಾ, ಕಿತ್ತೋಯ್ತದೆ. ಹೆಂಗಸ್ರು ಕೆಲಸ್ದಾಗೆ ನಿಂದೇನ್ಲಾ?" ಅಂದರು. ಪುಟ್ಟಸ್ವಾಮಿ ಕೈ ಒರೆಸಿಕೊಂಡು ಎದ್ದು ಹೋದ. ಅವನು ಕೆದಕಿದ ಅಂಚಿಗೆ ನಾನು ಮತ್ತೆ ಗೋಂದು ಸವರಿ ಒತ್ತಿದೆ.

ಅವತ್ತಿನಿಂದ ಒಂದು ಆಸೆ ಹುಟ್ಟಿದೆ ಮಗಳೇ. ನಿಮ್ಮಪ್ಪ ಎಲ್ಲ ಗೊತ್ತಿದ್ದೇ ನನ್ನನ್ನು ಉಳಿಸಿದರೇನೋ, ಒಳಗೊಳಗೇ ಕರಗಿದ್ದಾರೇನೋ ಎಂದು. ಮೊನ್ನೆ ಊಟಕ್ಕೆ ಕೂತಾಗ ನಿನ್ನ ತಟ್ಟೆಯನ್ನು ತಾವೇ ತೆಗೆದು ಅದರಲ್ಲಿ ಉಂಡರು. ಬೇಸಿಗೆಯ ಹೊತ್ತಿಗೆ ಎಲ್ಲ ಸರಿಹೋದೀತು, ನೀವಿಬ್ಬರೂ ಇದೇ ಜಗಲಿಯ ಮೇಲೆ ಕೂತು ಕಾಫಿ ಕುಡಿದೀರಿ ಎಂದೆಲ್ಲ ಕಲ್ಪಿಸಿಕೊಂಡೆ. ಕೊಪ್ಪದಲ್ಲಿ ನೀವಿರುವ ಆ ಹಿತ್ತಿಲ ಕೋಣೆಗೆ ನಾನೇ ಒಂದು ಸಲ ಬರಲೇ ಎಂದೂ ಯೋಚಿಸಿದ್ದುಂಟು.

ಚೇತನ್‌ಕುಮಾರನಿಗೆ ನನ್ನ ಆಶೀರ್ವಾದ ಹೇಳು. ಅವನ ತಾಯಿ ದಾರಿಯಲ್ಲಿ ಸಿಕ್ಕರೆ ನಾನು ಮುಖ ತಿರುಗಿಸಿಕೊಂಡು ಹೋಗುತ್ತೇನೆ. ಬೇರೆ ದಾರಿಯಿಲ್ಲ, ನೋಡುವ ಕಣ್ಣುಗಳಿವೆ. ಆಕೆಯೂ ಹಾಗೇ ಮಾಡುತ್ತಾಳೆ. ಇಬ್ಬರಿಗೂ ಅರ್ಥವಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಚಿಂತೆ ಬಿಡು, ನಾನು ಧೈರ್ಯವಾಗಿದ್ದೇನೆ.

ನಿನ್ನ ಹೆಸರನ್ನು ಬಾಯಿಬಿಟ್ಟು ಕರೆಯಲಾಗದ,
ಅಮ್ಮ
ಸುಕನ್ಯ

ಮತ್ತೆ: ಕಾಗದ ಮಡಚಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ರೂಪಶ್ರೀ ಆಟೋದಲ್ಲಿ ಕಾಯುತ್ತಿದ್ದಾಳೆ. ಸೂಟ್‌ಕೇಸನ್ನು ನಿಮ್ಮಪ್ಪನೇ ಹೊತ್ತುಕೊಂಡು ಹೋಗಿ ಆಟೋದಲ್ಲಿಟ್ಟು ಬಂದರು. ಕಾಲು ತೊಳೆಯುತ್ತಾ ನನ್ನ ಕಡೆ ನೋಡದೆ ಕೇಳಿದರು: "ಕೊಪ್ಪದಾಗೆ ಈಗ ಚಳಿ ಜಾಸ್ತಿನಾ?" ಈ ಮನೆಯಲ್ಲಿ ನಾನು ಒಮ್ಮೆಯೂ ಆ ಊರಿನ ಹೆಸರೆತ್ತಿಲ್ಲ. ಮಗಳಿಗೆ ಚಳಿಯಾದೀತೆಂದು ಕೇಳಿದರೋ, ನನ್ನ ಮುಖದಲ್ಲಿ ಉತ್ತರ ಹುಡುಕಲು ಕೇಳಿದರೋ, ಇಷ್ಟು ವರ್ಷ ಜೊತೆಯಲ್ಲಿ ಬಾಳಿಯೂ ನನಗೆ ಆ ದನಿಯಲ್ಲಿ ತಿಳಿಯಲಿಲ್ಲ. ತಿಳಿಯುವ ತನಕ ನೀವು ಕಾಯಬೇಡಿ. ಇವತ್ತೇ ಕೊಪ್ಪ ಬಿಡಿ. ಎಲ್ಲಿಗೆ ಹೋದಿರೆಂದು ನನಗೂ ಹೇಳಬೇಡ.