ನಿಮ್ಮವ್ವ ಕಡಲು ನೋಡಿದಳು

ಮಧು,

ನಿನ್ನೆ ನಿಮ್ಮವ್ವನನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗಿದ್ದೆ. ನೀನು ಮುಳುಗಿದ ಜಾಗ ನೋಡಲೇಬೇಕು ಎಂದು ಹಿರೀಸಾವೆಯಿಂದ ನಾಲ್ಕು ಸಲ ಫೋನ್ ಮಾಡಿಸಿದ್ದಳು. ದಾರಿಯಲ್ಲಿ ಜೋಗದ ಹತ್ತಿರ ನಿಲ್ಲಿಸಿದರೆ ಕಾರಿನಿಂದ ಇಳಿಯಲೇ ಇಲ್ಲ.

ಕಡಲಲ್ಲಿ ಮಾತ್ರ ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದಳು. ಸುತ್ತಲೂ ಜನ ನಗುತ್ತಾ ಫೋಟೊ ತೆಗೆದುಕೊಳ್ಳುತ್ತಿದ್ದರು.

"ಈಜು ಬರ್ದೋನು ಅಷ್ಟು ದೂರ ಯಾಕ್ಲಾ ಓದ?"

"ಗೊತ್ತಿಲ್ಲ ಕಣವ್ವ. ನಾನು ರೂಮಲ್ಲಿ ಮಲಗಿದ್ದೆ," ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. "ಸದ್ಯ, ನೀನು ಜೊತೇಲಿ ಓಗ್ಲಿಲ್ಲ. ನಿಮ್ಮವ್ವಂಗೆ ನೀನಾದ್ರೂ ಉಳ್ದೆ."

ಅದೇ ಕೈ ಕಣೋ. ಅವತ್ತು ನೀರಲ್ಲಿ ನೀನು ಹಿಡಿದಾಗ ಬಿಡಿಸಿಕೊಂಡಿದ್ದೆ. ನಿನ್ನೆ ಕಾರಿನವರೆಗೂ ಅವಳು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.

ನಂಜುಂಡೇಶ